ಬೀಗ ಹಾಕಿದ ಮನೆಯಲ್ಲಿ ಕಾಯುವ ನೀರು

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಪರಿಸರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಮಲೆನಾಡಿನ ಪರಿಸರ ಸಭೆಗಳಲ್ಲಿ ಕಾಡು, ನದಿ, ಗಣಿ, ಅಣೆಕಟ್ಟುಗಳ ಮಾತು ಬರುವುದು ವಾಡಿಕೆ. ಅವುಗಳ ಮುಂದೆ ಇಂದಿನ ವಿಷಯ ಬಲು ಚಿಕ್ಕದೆಂದು ತೋರಬಹುದು. ಬಚ್ಚಲುಮನೆಯ ಗೋಡೆಗೆ ತೂಗುಹಾಕಿದ ಗೀಸರ್, ಅದರಲ್ಲಿಯೂ ವರ್ಷದ ಬಹುಪಾಲು ಬೀಗ ಹಾಕಿರುವ ಮನೆಯ ಗೀಸರ್ ಇಂದಿನ ವಿಷಯ. ಆದರೆ ಈ ಪೆಟ್ಟಿಗೆಗೆ ಬಂದ ತಂತಿಯನ್ನು ಹಿಡಿದು ಹಿಂದಕ್ಕೆ ನಡೆದರೆ, ಅದು ಆ ಕಾಡು, ಆ ನದಿ, ಆ ಅಣೆಕಟ್ಟುಗಳ ಬಳಿಗೇ ಕರೆದೊಯ್ಯುತ್ತದೆ.

ಕಳೆದ ಎರಡು ಮೂರು ದಶಕಗಳಲ್ಲಿ ಕೊಡಗು, ಮೂಡಿಗೆರೆ, ಸಕಲೇಶಪುರ, ತೀರ್ಥಹಳ್ಳಿ, ಸಾಗರ, ಶಿರಸಿ ಸೀಮೆಗಳಲ್ಲಿ ಇಂಥ ಮನೆಗಳು ಹೆಚ್ಚುತ್ತ ಬಂದಿವೆ. ಇವುಗಳಲ್ಲಿ ಮೂರು ಬಗೆ. ನಗರದವರು ರಜಾದಿನಗಳಿಗೆಂದು ತೋಟದ ನಡುವೆ ಕಟ್ಟಿಸಿಕೊಂಡ ಮನೆ ಮೊದಲನೆಯದು. ಪ್ರವಾಸಿಗರು ಬಂದಾಗ ಮಾತ್ರ ಬಾಗಿಲು ತೆರೆಯುವ ಹೋಂಸ್ಟೇ ಎರಡನೆಯದು. ಮೂರನೆಯದು ಊರಿನವರದೇ ಹಳೆಯ ಮನೆ. ಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ಹೋಗಿ, ಹಿರಿಯರು ತೀರಿಕೊಂಡು, ಚೌತಿ, ದೀಪಾವಳಿ, ಬೇಸಿಗೆ ರಜೆಗಳಲ್ಲಿ ಮಾತ್ರ ದೀಪ ಕಾಣುವ ಮನೆ ಅದು. ಮೊದಲೆರಡು ಬಗೆಯ ಮನೆಗಳ ಬೀಗದ ಕೈ ಬಹುತೇಕ ಊರಿನವರೊಬ್ಬರ ವಶದಲ್ಲಿರುತ್ತದೆ. ಮೂರನೆಯದರದು ನೆರೆಮನೆಯ ಗೂಟದಲ್ಲಿ ತೂಗುತ್ತಿರುತ್ತದೆ. ಆದ್ದರಿಂದ ಮನೆ ಯಾರದೇ ಆಗಿರಲಿ, ಅದರ ಗೀಸರಿನ ಸ್ವಿಚ್ಚು ಈ ಸಭೆಯಲ್ಲಿ ಕುಳಿತವರ ಕೈಗೆಟಕುವಷ್ಟು ಹತ್ತಿರದಲ್ಲಿದೆ.

ಹಂಡೆಯ ನಿಯಮ

ಮಲೆನಾಡಿನ ಬಚ್ಚಲುಮನೆಗಳಲ್ಲಿ ತಾಮ್ರದ ಹಂಡೆಯೇ ತಲೆಮಾರುಗಳ ಕಾಲ ನೀರು ಕಾಯಿಸಿತು. ಅದರ ಒಲೆಗೆ ಅಡಿಕೆ ಸಿಪ್ಪೆ, ತೆಂಗಿನ ಸಿಪ್ಪೆ, ಒಣಗಿದ ಸೋಗೆ, ತೋಟದಲ್ಲಿ ಬಿದ್ದ ರೆಂಬೆಗಳು ಉರುವಲಾದವು. ಸಾಲದಾದಾಗ ಬೆಟ್ಟದ ಕಟ್ಟಿಗೆಯೂ ಬಂದಿತು. ಹೊಗೆ ಕಣ್ಣು ಸುಟ್ಟಿತು, ಶ್ವಾಸಕೋಶವನ್ನು ಕೆಡಿಸಿತು. ಆ ಕಷ್ಟವನ್ನು ಹೆಚ್ಚಾಗಿ ಉಂಡವರು ಹೆಂಗಸರು. ಇವೆಲ್ಲವನ್ನೂ ಒಪ್ಪಿಕೊಳ್ಳಬೇಕು. ಆದರೆ ಹಂಡೆಗೆ ಒಂದು ಒಳ್ಳೆಯ ನಿಯಮವಿತ್ತು: ಮನೆಯಲ್ಲಿ ಜನರಿಲ್ಲದಿದ್ದರೆ ಬೆಂಕಿಯೂ ಇಲ್ಲ. ನೆಂಟರ ಮನೆಗೆ ಹೊರಟವರು ಯಾರೂ ಒಲೆ ಉರಿಸಿಟ್ಟು ಹೋಗುತ್ತಿರಲಿಲ್ಲ.

ವಿದ್ಯುತ್ ಗೀಸರ್ ಹೊಗೆಯನ್ನು ನೀಗಿಸಿತು. ಜೊತೆಗೆ ಆ ನಿಯಮವನ್ನೂ ಮರೆಸಿತು. ಗೀಸರ್ ಒಳಗಿನ ಥರ್ಮೋಸ್ಟಾಟ್ ನೀರು ನಿಗದಿತ ಶಾಖಕ್ಕೇರಿದಾಗ ವಿದ್ಯುತ್ತನ್ನು ಕಡಿಯುತ್ತದೆ, ನೀರು ತುಸು ಆರಿದೊಡನೆ ಮತ್ತೆ ಕೊಡುತ್ತದೆ. ಮನೆಯಲ್ಲಿ ಜನರಿದ್ದಾರೆಯೇ ಎಂಬುದು ಅದಕ್ಕೆ ತಿಳಿಯದು. ಸ್ವಿಚ್ಚು ಹಾಕಿಯೇ ಇದ್ದರೆ ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ, ಯಾರೂ ಮೀಯದ ನೀರನ್ನು ಅದು ಕಾಯಿಸುತ್ತಲೇ ಇರುತ್ತದೆ.

ವಿದ್ಯಾರ್ಥಿಗಳಿಗೊಂದು ಲೆಕ್ಕ

ಈ ಲೆಕ್ಕವನ್ನು ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ಮಾಡಬಹುದು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಲು ಒಂದು ಕಿಲೊಕ್ಯಾಲರಿ ಶಾಖ ಬೇಕು. 860 ಕಿಲೊಕ್ಯಾಲರಿ ಎಂದರೆ ಒಂದು ಯೂನಿಟ್ ವಿದ್ಯುತ್. 25 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು 1000 ಕಿಲೊಕ್ಯಾಲರಿ, ಅಂದರೆ ಸುಮಾರು 1.16 ಯೂನಿಟ್ ಬೇಕು. 2 ಕಿಲೊವಾಟ್‌ನ ಗೀಸರ್ ಈ ಕೆಲಸವನ್ನು ಸುಮಾರು 35 ನಿಮಿಷಗಳಲ್ಲಿ ಮುಗಿಸುತ್ತದೆ.

ಇನ್ನು ಸುಮ್ಮನೆ ಬಿಸಿಯಾಗಿಟ್ಟರೆ ಆಗುವ ನಷ್ಟ. ಎಷ್ಟೇ ಹೊದಿಕೆ ಇದ್ದರೂ ತೊಟ್ಟಿಯಿಂದ ಶಾಖ ಸೋರುತ್ತದೆ. ಗೀಸರ್‌ಗಳ ಮೇಲೆ ಅಂಟಿಸಿರುವ ನಕ್ಷತ್ರದ ಚೀಟಿಯು ಅಳೆಯುವುದು ಈ ಸೋರಿಕೆಯನ್ನೇ. ಉತ್ತಮ ಹೊದಿಕೆಯ 25 ಲೀಟರ್ ತೊಟ್ಟಿಗೆ ದಿನಕ್ಕೆ ಅರ್ಧ ಯೂನಿಟ್ ಎಂದು ಹಿಡಿಯೋಣ. ಹಳೆಯದಾದರೆ ಇದರ ಇಮ್ಮಡಿಯೂ ಆಗಬಹುದು. ಮನೆಯಲ್ಲಿ ಜನರಿರುವುದು ವರ್ಷಕ್ಕೆ 60 ದಿನ. ಆ ದಿನಗಳಲ್ಲಿ ದಿನಕ್ಕೆ ಎರಡು ತೊಟ್ಟಿ ನೀರು ಬಳಕೆಯಾದರೆ ಒಟ್ಟು ಸುಮಾರು 140 ಯೂನಿಟ್. ಉಳಿದ 305 ದಿನ ಸ್ವಿಚ್ಚು ಹಾಕಿಯೇ ಇದ್ದರೆ ದಿನಕ್ಕೆ ಅರ್ಧದಂತೆ 152 ಯೂನಿಟ್. ವರ್ಷವಿಡೀ ಜನರು ಮಿಂದ ನೀರಿಗಿಂತ ಖಾಲಿ ಮನೆಯ ಗೋಡೆ ಕಾಯಿಸಿದ್ದೇ ಹೆಚ್ಚಾಯಿತು. ಅಂಥ ಮನೆಯಲ್ಲಿ ಎರಡು ಮೂರು ಬಚ್ಚಲುಗಳಿದ್ದರೆ ಲೆಕ್ಕವನ್ನು ಅಷ್ಟರಿಂದ ಗುಣಿಸಿಕೊಳ್ಳಬೇಕು.

ಕೆಲವರಲ್ಲಿ ಒಂದು ನಂಬಿಕೆಯಿದೆ: ಆರಿದ ನೀರನ್ನು ಮತ್ತೆ ಕಾಯಿಸಲು ಹೆಚ್ಚು ಕರೆಂಟು ಬೇಕು, ಆದ್ದರಿಂದ ಸದಾ ಹಾಕಿಡುವುದೇ ಲಾಭ ಎಂದು. ಇದು ತಪ್ಪು. ಶಾಖದ ಸೋರಿಕೆ ನಡೆಯುವುದು ತೊಟ್ಟಿಯ ಒಳಗೂ ಹೊರಗೂ ಇರುವ ತಾಪದ ವ್ಯತ್ಯಾಸದಿಂದ. ನೀರು ಆರುತ್ತ ಬಂದಂತೆ ವ್ಯತ್ಯಾಸ ಕಿರಿದಾಗಿ ಸೋರಿಕೆಯೂ ಇಳಿಯುತ್ತದೆ. ತಣ್ಣಗಾದ ತೊಟ್ಟಿ ಏನನ್ನೂ ಕಳೆದುಕೊಳ್ಳುವುದಿಲ್ಲ. ಮರಳಿ ಬಂದಾಗ ಒಮ್ಮೆ ಕಾಯಿಸುವ ವೆಚ್ಚ ಮಾತ್ರ ಉಳಿಯುತ್ತದೆ. ಹಿಮ ಬೀಳುವ ದೇಶಗಳಲ್ಲಿ ಕೊಳವೆಯ ನೀರು ಹೆಪ್ಪುಗಟ್ಟಿ ಒಡೆಯುವ ಭಯವಿದೆ, ಅಲ್ಲಿ ಮುಚ್ಚಿದ ಮನೆಯನ್ನೂ ತುಸು ಬೆಚ್ಚಗಿಡಬೇಕಾದೀತು. ಮಲೆನಾಡಿನ ಚಳಿಗೆ ಆ ನೆಪವೂ ಇಲ್ಲ.

ತಂತಿಯ ಆಚೆ ತುದಿ

152 ಯೂನಿಟ್ ಹಣದ ಲೆಕ್ಕದಲ್ಲಿ ಸಣ್ಣದು. ಎಸ್ಟೇಟಿನ ಯಜಮಾನರಿಗೆ ಅದು ಕಣ್ಣಿಗೆ ಬೀಳದು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಶೂನ್ಯ ಬಿಲ್ಲು ಬರುವ ಮನೆಗಳಿಗೂ ಅದು ಕಾಣಿಸದು. ಆದರೆ ಬಿಲ್ಲು ಶೂನ್ಯವಾದರೆ ಖರ್ಚು ಶೂನ್ಯವಾಗುವುದಿಲ್ಲ.

ಶರಾವತಿ ವಿದ್ಯುದಾಗಾರದಲ್ಲಿ ನೀರು ಧುಮುಕುವ ಎತ್ತರ ಸುಮಾರು 440 ಮೀಟರ್. ಆ ಎತ್ತರದಿಂದ ಇಳಿದು ಒಂದು ಯೂನಿಟ್ ವಿದ್ಯುತ್ ಕೊಡಲು, ಯಂತ್ರಗಳ ನಷ್ಟವನ್ನೂ ಸೇರಿಸಿದರೆ, ಸುಮಾರು ಸಾವಿರ ಲೀಟರ್ ನೀರು ಬೇಕಾಗುತ್ತದೆ. 25 ಲೀಟರಿನ ತೊಟ್ಟಿಯನ್ನು ವರ್ಷವಿಡೀ ವ್ಯರ್ಥವಾಗಿ ಬಿಸಿಯಾಗಿಡಲು ಲಿಂಗನಮಕ್ಕಿಯ ಒಂದೂವರೆ ಲಕ್ಷ ಲೀಟರ್ ನೀರು ಇಳಿಯಬೇಕು. 1964ರಲ್ಲಿ ಆ ಅಣೆಕಟ್ಟು ಮುಗಿದಾಗ ನೀರಿನಡಿಗೆ ಸೇರಿದ್ದು ಸಾಗರ, ಹೊಸನಗರ ಸೀಮೆಯ ಹಳ್ಳಿಗಳು, ಗದ್ದೆಗಳು, ತೋಟಗಳು. ಅಲ್ಲಿಂದ ಎದ್ದು ಬಂದ ಕುಟುಂಬಗಳ ಮಕ್ಕಳು ಮೊಮ್ಮಕ್ಕಳು ಇಂದಿಗೂ ಭೂಮಿಯ ಹಕ್ಕುಪತ್ರಕ್ಕಾಗಿ ಕಚೇರಿಗಳನ್ನು ಅಲೆದ ಕಥೆಯನ್ನು ಹೇಳುತ್ತಾರೆ. ಇಂದು ರಾಜ್ಯದ ವಿದ್ಯುತ್ ನೀರೊಂದರಿಂದಲೇ ಬರುವುದಿಲ್ಲ ಎಂಬುದು ನಿಜ. ರಾಯಚೂರು, ಬಳ್ಳಾರಿಗಳಲ್ಲಿ ಕಲ್ಲಿದ್ದಲು ಉರಿಯುತ್ತದೆ, ಕೈಗಾದಲ್ಲಿ ಅಣುಸ್ಥಾವರವಿದೆ, ಪಾವಗಡದಲ್ಲಿ ಸೌರಫಲಕಗಳಿವೆ. ಆದರೆ ಈ ಯಾವುದೂ ಯಾರದೋ ನೆಲವನ್ನು, ಯಾರದೋ ಗಾಳಿಯನ್ನು ಮುಟ್ಟದೆ ಬಂದದ್ದಲ್ಲ.

ಇನ್ನೊಂದು ಮಾತು ಹೊತ್ತಿನದು. ಬೆಳಗಿನ ಆರರಿಂದ ಒಂಬತ್ತರ ನಡುವೆ ಪಟ್ಟಣಗಳಲ್ಲಿಯೂ ಹಳ್ಳಿಗಳಲ್ಲಿಯೂ ಗೀಸರುಗಳು ಒಟ್ಟಿಗೇ ಹೊತ್ತಿಕೊಳ್ಳುತ್ತವೆ. ಶರಾವತಿ ಕಣಿವೆಯಲ್ಲಿ 2000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಮುಂದಿಟ್ಟವರ ಮುಖ್ಯ ಸಮರ್ಥನೆಯೂ ಬೇಡಿಕೆ ತುತ್ತತುದಿಗೇರುವ ಗಂಟೆಗಳಿಗೆ ವಿದ್ಯುತ್ ಒದಗಿಸಬೇಕೆಂಬುದೇ. ಕಣಿವೆಗಾಗಿ ಮನವಿ ಬರೆಯುವ ಕೈ ಬಚ್ಚಲಿನ ಸ್ವಿಚ್ಚನ್ನೂ ಆರಿಸಬೇಕು. ಇಲ್ಲವಾದರೆ ಮನವಿಗೆ ತೂಕ ಬಾರದು.

ಆರಿಸಿದ ಮೇಲೆ ನೆನಪಿಡಬೇಕಾದದ್ದು

ಸ್ವಿಚ್ಚು ಆರಿಸಿದರೆ ಮುಗಿಯಲಿಲ್ಲ. ನಿಂತ ನೀರಿಗೆ ತನ್ನದೇ ಆದ ದೋಷಗಳುಂಟು. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸಮ್ಮೇಳನಕ್ಕೆ ಸೇರಿದ್ದ ಮಾಜಿ ಸೈನಿಕರಲ್ಲಿ ಭೀಕರ ನ್ಯುಮೋನಿಯಾ ಕಾಣಿಸಿಕೊಂಡಿತು. ಅದಕ್ಕೆ ಕಾರಣವಾದ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಬೆಳೆಯುತ್ತದೆ. ಕುಡಿಯುವುದಕ್ಕಿಂತ ಹೆಚ್ಚಾಗಿ, ನೀರಿನ ಸೂಕ್ಷ್ಮ ತುಂತುರನ್ನು ಉಸಿರಿನೊಡನೆ ಒಳಗೆಳೆದಾಗ ಅದು ರೋಗ ತರುತ್ತದೆ. ವಯಸ್ಸಾದವರಿಗೂ ಧೂಮಪಾನಿಗಳಿಗೂ ಅಪಾಯ ಹೆಚ್ಚು. 60 ಡಿಗ್ರಿಯಲ್ಲಿ ಅದು ನಾಶವಾಗುತ್ತದೆ. ಆದ್ದರಿಂದ ಉಳಿತಾಯದ ಹೆಸರಿನಲ್ಲಿ ಥರ್ಮೋಸ್ಟಾಟನ್ನು 40 ಡಿಗ್ರಿಗೆ ಇಳಿಸಿ ಇಡುವುದು ಜಾಣತನವಲ್ಲ. ಜನರಿಲ್ಲದಾಗ ಪೂರ್ತಿ ಆರಿಸಬೇಕು. ಜನರಿದ್ದಾಗ 60ಕ್ಕೆ ಏರಿಸಬೇಕು. ನಡುವಿನ ಉಗುರುಬೆಚ್ಚಗಿನ ದಾರಿ ಬೇಡ.

ವಾರಗಟ್ಟಲೆ ಮುಚ್ಚಿದ್ದ ಮನೆಯನ್ನು ತೆರೆದಾಗ ಅನುಸರಿಸಬೇಕಾದ ಕ್ರಮ ಹೀಗೆ. ಮೊದಲು ಬಚ್ಚಲಿನ ಕಿಟಕಿ ತೆರೆಯಬೇಕು. ಬಿಸಿನೀರಿನ ನಲ್ಲಿಯನ್ನು ತಿರುಗಿಸಿ, ನೀರು ತಡೆಯಿಲ್ಲದೆ ಹರಿಯುವವರೆಗೆ ಬಿಡಬೇಕು. ಬಹುಕಾಲ ಬಳಸದ ತೊಟ್ಟಿಯಲ್ಲಿ ಹೈಡ್ರೋಜನ್ ಅನಿಲ ಕೂಡಿರುವ ಸಾಧ್ಯತೆ ಇರುವುದರಿಂದ ಆ ಹೊತ್ತಿನಲ್ಲಿ ಹತ್ತಿರ ಬೆಂಕಿ, ಬೀಡಿ ಇರಬಾರದು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಬರಿ ಬೇಡ. ತೊಟ್ಟಿಯ ತುಕ್ಕು ತಡೆಯಲು ಇಟ್ಟಿರುವ ಮೆಗ್ನೀಷಿಯಂ ಕಡ್ಡಿಯೂ ನಿಂತ ನೀರಿನ ಬ್ಯಾಕ್ಟೀರಿಯಾಗಳೂ ಸೇರಿ ಅದನ್ನು ಉಂಟುಮಾಡುತ್ತವೆ. ಆ ನೀರನ್ನು ಚೆಲ್ಲಿ ಹೊಸ ನೀರು ತುಂಬಿಸಬೇಕು. ತೊಟ್ಟಿ ತುಂಬಿದೆಯೆಂದು ಖಚಿತವಾದ ಮೇಲೆಯೇ ಸ್ವಿಚ್ಚು ಹಾಕಬೇಕು. ನೀರಿಲ್ಲದ ತೊಟ್ಟಿಗೆ ವಿದ್ಯುತ್ ಕೊಟ್ಟರೆ ಕಾಯಿಲ್ ಸುಟ್ಟುಹೋಗುತ್ತದೆ. ನೀರು 60 ಡಿಗ್ರಿಗೆ ಬಂದು ದೀಪ ಆರಿದ ಮೇಲೂ ಅರ್ಧ ಗಂಟೆ ಬಿಟ್ಟು, ಪ್ರತಿಯೊಂದು ನಲ್ಲಿಯಿಂದಲೂ ಸ್ವಲ್ಪ ಬಿಸಿನೀರು ಹರಿಸಬೇಕು. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡುತ್ತದೆಯಾದ್ದರಿಂದ ತಣ್ಣೀರು ಬೆರೆಸಿಯೇ ಮೀಯಬೇಕು. ಬಕೆಟ್ಟಿಗೆ ಹಿಡಿದು ತಂಬಿಗೆಯಿಂದ ಮೀಯುವ ಹಳೆಯ ಪದ್ಧತಿಯಲ್ಲಿ ಷವರಿಗಿಂತ ತುಂತುರು ಕಡಿಮೆ, ನೀರಿನ ಖರ್ಚೂ ಕಡಿಮೆ.

ಮನೆ ಮುಚ್ಚುವಾಗ ಗೀಸರಿನ ಸ್ವಿಚ್ಚಿನೊಡನೆ ಅದರ ಎಂಸಿಬಿಯನ್ನೂ ಕೆಳಗಿಳಿಸಬೇಕು. ಏಪ್ರಿಲ್, ಮೇ ಹಾಗೂ ಅಕ್ಟೋಬರಿನ ಗುಡುಗು ಸಿಡಿಲಿನ ದಿನಗಳಲ್ಲಿ ಪ್ಲಗ್ಗನ್ನೇ ಕೀಳುವುದು ಕ್ಷೇಮ. ನೀರು ಒಳಬರುವ ವಾಲ್ವನ್ನು ಮುಚ್ಚಬೇಕು. ಇಲ್ಲವಾದರೆ ಸೋರಿಕೆಯಾದಾಗ ಮೇಲಿನ ತೊಟ್ಟಿಯೆಲ್ಲ ಖಾಲಿಯಾಗಿ, ಯಾರೂ ಇಲ್ಲದ ಮನೆ ನೆನೆದು ಕೂರುತ್ತದೆ. ತಿಂಗಳುಗಟ್ಟಲೆ ಮುಚ್ಚುವುದಾದರೆ ಕಂಪನಿಯ ಕೈಪಿಡಿಯಲ್ಲಿರುವಂತೆ ನೀರು ಖಾಲಿ ಮಾಡಿಸಿ, ‘ತೊಟ್ಟಿಯಲ್ಲಿ ನೀರಿಲ್ಲ, ಸ್ವಿಚ್ಚು ಹಾಕಬೇಡಿ’ ಎಂಬ ರಟ್ಟನ್ನು ಸ್ವಿಚ್ಚಿಗೇ ತೂಗುಹಾಕಬೇಕು. ಬಿಸಿಯಾದ ನೀರು ಹಿಗ್ಗುತ್ತದೆ. ಆ ಒತ್ತಡವನ್ನು ಹೊರಬಿಡುವ ಸೇಫ್ಟಿ ವಾಲ್ವ್ ತೊಟ್ಟಿಕ್ಕುತ್ತದೆಯೆಂದು ಅದಕ್ಕೆ ಬೂಚು ಹೊಡೆಯುವ ಕೆಲಸವನ್ನು ಎಂದಿಗೂ ಮಾಡಬಾರದು. ಅರ್ಥಿಂಗ್ ಸರಿಯಿದೆಯೇ ಎಂಬುದನ್ನು ವರ್ಷಕ್ಕೊಮ್ಮೆ ಬಲ್ಲವರಿಂದ ನೋಡಿಸಬೇಕು.

ಸೋಲಾರ್, ಗ್ಯಾಸ್, ಕಟ್ಟಿಗೆ

ಸೋಲಾರ್ ಇದ್ದರೆ ಈ ಚಿಂತೆಯಿಲ್ಲ ಎನ್ನುವವರಿದ್ದಾರೆ. ವರ್ಷವಿಡೀ ಜನರಿರುವ ಮನೆಗೆ ಸೋಲಾರ್ ನಿಜಕ್ಕೂ ವರದಾನ. ಖಾಲಿ ಮನೆಯಲ್ಲಿ ಅದರ ಸಮಸ್ಯೆಗಳು ಬೇರೆ. ಬೇಸಿಗೆಯಲ್ಲಿ ಬಳಕೆಯಿಲ್ಲದ ನೀರು ಕುದಿಮಟ್ಟಕ್ಕೇರಿ ಹಬೆಯಾಗಿ ಹೋಗುತ್ತದೆ. ತಣ್ಣೀರಿನ ತೊಟ್ಟಿ ಬರಿದಾದರೆ ಗಾಜಿನ ಕೊಳವೆಗಳು ಒಣಗಿ ಕಾಯುತ್ತವೆ. ಆಗ ನಡುಮಧ್ಯಾಹ್ನ ತಣ್ಣೀರು ಬಿಟ್ಟರೆ ಒಡೆಯುತ್ತವೆ. ಅಂಥ ಸಂದರ್ಭದಲ್ಲಿ ಬೆಳಗಿನ ಜಾವ ನೀರು ತುಂಬಿಸಬೇಕು. ಮನೆ ಮುಚ್ಚುವಾಗ ಕೊಳವೆಗಳ ಮೇಲೆ ದಪ್ಪ ಬಟ್ಟೆ ಹೊದಿಸುವುದು ಒಳ್ಳೆಯದು. ಮಂಗಗಳ ಕಾಟಕ್ಕೆ ಜಾಲರಿಯೂ ಬೇಕು. ಮಳೆಗಾಲದಲ್ಲಿ ಸೋಲಾರ್ ತೊಟ್ಟಿಯ ನೀರು ದಿನಗಟ್ಟಲೆ ಉಗುರುಬೆಚ್ಚಗೆ ನಿಲ್ಲುತ್ತದೆ. ಮೇಲೆ ಹೇಳಿದ ಬ್ಯಾಕ್ಟೀರಿಯಾಕ್ಕೆ ಅದೇ ಹಿತವಾದ ಶಾಖ. ಇದಕ್ಕಿಂತ ದೊಡ್ಡ ಗುಪ್ತ ನಷ್ಟ ಸೋಲಾರ್ ತೊಟ್ಟಿಯೊಳಗಿನ ವಿದ್ಯುತ್ ಕಾಯಿಲ್. 200 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಏರಿಸಲು 9 ಯೂನಿಟ್‌ಗೂ ಹೆಚ್ಚು ವಿದ್ಯುತ್ ಬೇಕು. ಇದರ ಸ್ವಿಚ್ಚನ್ನು ಜೂನ್‌ನಲ್ಲಿ ಹಾಕಿ ಮರೆತರೆ ಛಾವಣಿಯ ಮೇಲಿರುವುದು ಹೆಸರಿಗೆ ಮಾತ್ರ ಸೋಲಾರ್.

ಗ್ಯಾಸ್ ಗೀಸರ್ ಬಗೆಗಿನ ಮಾತು ಉಳಿತಾಯದ್ದಲ್ಲ, ಜೀವದ್ದು. ಬೇಕೆಂದಾಗ ಮಾತ್ರ ಉರಿಯುವುದರಿಂದ ಅದು ಹೋಂಸ್ಟೇಗಳಿಗೆ ಅನುಕೂಲವೆಂದು ಕಾಣುತ್ತದೆ. ಆದರೆ ಮುಚ್ಚಿದ ಬಚ್ಚಲಿನಲ್ಲಿ ಗಾಳಿ ಸಾಲದೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು ಬಂದು, ಬಾಗಿಲು ತೆರೆಯುವ ಶಕ್ತಿಯೂ ಉಳಿಯುವ ಮೊದಲೇ ಪ್ರಜ್ಞೆ ತಪ್ಪುತ್ತದೆ. ಸ್ನಾನಕ್ಕೆ ಹೋದವರು ಹೊರಬಾರದೆ ಹೋದ ಸುದ್ದಿಗಳು ಚಳಿಗಾಲದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗೆ, ತೆರೆದ ಗಾಳಿಯಲ್ಲಿಯೇ ಇರಬೇಕು. ಬಹುಕಾಲ ಮುಚ್ಚಿದ್ದ ಮನೆಯಾದರೆ ಜೇಡ, ಕಣಜಗಳು ಬರ್ನರಿನಲ್ಲಿಯೂ ಹೊಗೆಗೊಳವೆಯಲ್ಲಿಯೂ ಗೂಡು ಕಟ್ಟಿರುತ್ತವೆ, ಸ್ವಚ್ಛಗೊಳಿಸದೆ ಹೊತ್ತಿಸಬಾರದು. ಯಾರಾದರೂ ಕುಸಿದಿದ್ದರೆ ಬಾಗಿಲು ಕಿಟಕಿ ತೆರೆದು, ಗ್ಯಾಸ್ ನಿಲ್ಲಿಸಿ, ಹೊರಗಿನ ಗಾಳಿಗೆ ತಂದು, 108ಕ್ಕೆ ಕರೆ ಮಾಡಬೇಕು.

ಹಾಗಾದರೆ ಹಂಡೆಗೇ ಮರಳಬೇಕೆ? ಕೆಲವು ಮನೆಗಳಿಗೆ ಅದು ಇಂದಿಗೂ ಯೋಗ್ಯವೇ. 40 ಲೀಟರ್ ನೀರನ್ನು 20ರಿಂದ 45 ಡಿಗ್ರಿಗೆ ತರಲು 1000 ಕಿಲೊಕ್ಯಾಲರಿ ಬೇಕು. ಒಂದು ಕಿಲೊ ಒಣ ಕಟ್ಟಿಗೆಯಲ್ಲಿ ಸುಮಾರು 4000 ಕಿಲೊಕ್ಯಾಲರಿ ಇದೆ. ಬಾಯಿ ಅಗಲವಾದ ಒಲೆಯಲ್ಲಿ ಹತ್ತರಲ್ಲೊಂದು ಪಾಲು ಶಾಖ ಮಾತ್ರ ಹಂಡೆಗೆ ಸೇರಿದರೆ ಎರಡೂವರೆ ಕಿಲೊ ಕಟ್ಟಿಗೆ ಹೋಗುತ್ತದೆ. ನಾಲ್ಕರಲ್ಲೊಂದು ಪಾಲು ಸೇರುವ ಸುಧಾರಿತ ಒಲೆಯಲ್ಲಿ ಒಂದು ಕಿಲೊ ಸಾಕು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ರೂಪಿಸಿದ ಒಲೆಗಳ ಉದ್ದೇಶ ಇದೇ ಆಗಿತ್ತು: ಕಟ್ಟಿಗೆ ಕಡಿಮೆ, ಹೊಗೆ ಹೊರಗೆ. ಹಸಿ ಕಟ್ಟಿಗೆಯ ಶಾಖದಲ್ಲಿ ಒಂದು ಪಾಲು ಅದರೊಳಗಿನ ನೀರನ್ನು ಆವಿ ಮಾಡುವುದಕ್ಕೇ ವ್ಯಯವಾಗುವುದರಿಂದ, ಮಳೆಗೆ ಮೊದಲೇ ಕೊಟ್ಟಿಗೆಯಲ್ಲಿ ಒಣ ಉರುವಲು ಕೂಡಿಡಬೇಕು. ತೋಟದ ಸಿಪ್ಪೆ ಸೋಗೆಗಳಿಂದ ತೃಪ್ತವಾಗುವ ಹಂಡೆ ಬೆಟ್ಟಕ್ಕೆ ಭಾರವಲ್ಲ. ಪ್ರವಾಸಿಗರಿಗೆಂದು ಕಾಡಿನ ಮರ ಕಡಿದು ಉರಿಸುವ ಹಂಡೆ, ನೋಡಲು ಎಷ್ಟೇ ಹಳ್ಳಿಯ ಸೊಗಡಿನದಾದರೂ, ಬೆಟ್ಟಕ್ಕೆ ಭಾರವೇ.

ಬೀಗದ ಕೈ ಹಿಡಿದವರು

ಖಾಲಿ ಮನೆಯ ಗೀಸರ್ ಆರದೇ ಉಳಿಯಲು ಕಾರಣ ಅಜ್ಞಾನವೊಂದೇ ಅಲ್ಲ, ಅಂಜಿಕೆಯೂ ಹೌದು. ಮನೆ ನೋಡಿಕೊಳ್ಳುವವರಿಗೆ ಯಜಮಾನರ ಫೋನ್ ಬರುತ್ತದೆ: ‘ಈ ವಾರ ಬಂದರೂ ಬರಬಹುದು, ಎಲ್ಲ ತಯಾರಿರಲಿ’. ಬಂದ ಕೂಡಲೇ ನೀರು ತಣ್ಣಗಿದ್ದರೆ ಮಾತು ಕೇಳಬೇಕಾಗುತ್ತದೆ. ಆ ಭಯಕ್ಕೆ ವಾರವಿಡೀ ಸ್ವಿಚ್ಚು ಹಾಕಿಯೇ ಇರುತ್ತದೆ. 35 ನಿಮಿಷದ ಲೆಕ್ಕವನ್ನು ಯಜಮಾನರಿಗೆ ತಿಳಿಸಿದರೆ ಈ ಅಂಜಿಕೆ ಕಳೆಯುತ್ತದೆ. ಘಟ್ಟ ಹತ್ತುವಾಗ ಒಂದು ಕರೆ ಮಾಡಿದರೆ ಸಾಕು, ಕಾರು ಅಂಗಳಕ್ಕೆ ಬರುವಷ್ಟರಲ್ಲಿ ನೀರು ಸಿದ್ಧವಿರುತ್ತದೆ. ಮುಚ್ಚುವ ಕ್ರಮ, ತೆರೆಯುವ ಕ್ರಮ ಎರಡನ್ನೂ ಒಂದು ಹಾಳೆಯಲ್ಲಿ ಬರೆದು, ಯಜಮಾನರಿಂದ ಸಹಿ ಮಾಡಿಸಿ, ಬಚ್ಚಲಿನ ಬಾಗಿಲಿಗೆ ಅಂಟಿಸಬೇಕು. ಆಗ ಸ್ವಿಚ್ಚು ಆರಿಸುವುದು ಕೆಲಸದವರ ಉಡಾಫೆಯಾಗಿ ಉಳಿಯುವುದಿಲ್ಲ, ಮನೆಯ ನಿಯಮವಾಗುತ್ತದೆ.

ವಿದ್ಯಾರ್ಥಿ ಮಿತ್ರರು ಈ ರಜೆಯಲ್ಲಿ ಒಂದು ಕೆಲಸ ಮಾಡಬಹುದು. ತಮ್ಮ ಊರಿನಲ್ಲಿ ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಮುಚ್ಚಿರುವ ಮನೆಗಳೆಷ್ಟು, ಅವುಗಳಲ್ಲಿ ಗೀಸರುಗಳೆಷ್ಟು, ಅವುಗಳ ಪೈಕಿ ಹಾಕಿಯೇ ಇರುವವು ಎಷ್ಟು ಎಂದು ಬೀಗದ ಕೈ ಇರುವವರನ್ನು ಕೇಳಿ ಬರೆದುಕೊಳ್ಳಿ. ಹಾಕಿಯೇ ಇರುವ ಗೀಸರುಗಳ ಸಂಖ್ಯೆಯನ್ನು 152ರಿಂದ ಗುಣಿಸಿ. ಬಂದ ಯೂನಿಟ್ಟುಗಳನ್ನು ಸಾವಿರ ಲೀಟರಿನಿಂದ ಗುಣಿಸಿ. ಆ ಅಂಕಿಯನ್ನು ಗ್ರಾಮಸಭೆಯಲ್ಲಿ ಓದಿ. ಯಾರನ್ನೂ ದೂರಬೇಕಾಗಿಲ್ಲ, ಅಂಕಿ ತಾನೇ ಮಾತನಾಡುತ್ತದೆ. ಮುಂದಿನ ದೀಪಾವಳಿ ಮುಗಿದು, ಮಕ್ಕಳು ಮರಿಗಳು ಬಸ್ಸು ಹತ್ತಿದ ಮೇಲೆ, ಬಾಗಿಲಿಗೆ ಬೀಗ ಹಾಕುವ ಮುನ್ನ ಯಾರಾದರೊಬ್ಬರು ಬಚ್ಚಲುಮನೆಗೆ ಹೋಗಿ ಬಂದರೆ ಈ ಉಪನ್ಯಾಸ ಸಾರ್ಥಕ.